ಗಿಟಾರ್ ಬಂದ ಕೈಗೆ ವಾಯಲಿನ್ ಯಾಕ ತಡಾ ಬರ್ತದ?

ಹೋದ ಸಲ ಪುಂಡಿಪಲ್ಯದ ಬಗ್ಗೆ ಬರ್ದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಪಡಸಾಲಿಗೆ ಬಂದು ಕೂಡೋಣು. ಆದ್ರ ರೊಟ್ಟಿ ಮಾತು ನಡುವ ಬಂದೇ ಬರ್ತದ, ಅದು ಇಲ್ಲದ ನನಗ ಯಾವುದೂ ತಿಳಿಸ್ಲಾಕ ಬರೂದಿಲ್ಲ.

"ಒಂದು ವಿದ್ಯಾ ಬಂದವರಿಗೆ ಇನ್ನೊಂದು ತಾನೇ ಬರ್ತದ" ಅಂತ ನಮ್ಮ ಮಂದಿ ಅಂತಾರ. ಈ ಮಾತು ಅರ್ಧ ಖರೇ, ಅರ್ಧ ಸುಳ್ಳು. ಖರೇ ಇದ್ದ ಅರ್ಧದ್ದು ಯಾರಿಗೂ ತ್ರಾಸ ಇಲ್ಲ. ಸುಳ್ಳು ಇದ್ದ ಅರ್ಧ ಮಾತ್ರ ಒಬ್ಬರ ಮನಸ್ಸು ಮುರಿತದ. ನಮ್ಮ ಮನ್ಯಾಗ ಅದು ನಡೆದದ, ಅದಕ್ಕೇ ಬರಿಲಾಕತ್ತೀನಿ.

ನಮ್ಮ ಸೊಸಿ ಗಿಟಾರ್ ಬಾರಸ್ತಾಳ. ಪಿಯುಸಿ ಓದೂವಾಗ ಹಿಡದಾಕಿ, ಇವತ್ತಿಗೆ ಹದಿನಾಲ್ಕು ವರ್ಷ ಆತು. ಕಲಬುರಗಿ ಮನ್ಯಾಗ ಸಂಜಿ ಹೊತ್ತು ಸಣ್ಣ ಹುಡುಗರಿಗೆ ಕಲಿಸ್ತಾಳ, ಅದರಿಂದ ಮನಿ ಖರ್ಚಿಗೂ ಒಂದಿಷ್ಟು ಬರ್ತದ. ಒಂದೂವರಿ ವರ್ಷದ ಹಿಂದ ಆಕಿ ವಾಯಲಿನ್ ಕಲಿಲಾಕ ಸುರು ಮಾಡಿದ್ಲು. ಯಾಕವ್ವಾ ಅಂತ ಕೇಳಿದ್ರ, "ಅತ್ತಿ, ಗಿಟಾರಿನ್ಯಾಗ ಒಂದು ಸ್ವರ ಮೀಟಿದ ಕೂಡ್ಲೇ ಅದು ಸಾಯ್ಲಾಕ ಸುರು ಆಗ್ತದ. ಮನಷಾರು ಹಾಡಿದಂಗ ಎಳಿಬೇಕಂದ್ರ ಕಮಾನು ಬೇಕು" ಅಂದ್ಲು. ಮಾತು ನನಗ ಸರಿ ಕಂಡಿತು.

ಎಂಟು ತಿಂಗಳಾಗಿತ್ತು, ನಮ್ಮ ಬೀಗರ ಮನ್ಯಾಗ ಒಂದು ತೊಟ್ಲಾ ಕಾರ್ಯಕ್ರಮ ಇತ್ತು. ಎಲ್ಲಾರೂ ಗಂಟುಬಿದ್ದು ಆಕಿ ಕಡಿಂದ ವಾಯಲಿನ್ ಬಾರಸಿಸಿದ್ರು. ಸ್ವರ ತಪ್ಪಲಿಲ್ಲ, ಆದ್ರ ಧ್ವನಿ ಸಪ್ಪಗಿತ್ತು, ಒಣಾ ಒಣಾ ಇತ್ತು. ಒಬ್ಬಾಕಿ ನಕ್ಕು, "ಇಷ್ಟು ವರ್ಷ ಬಾರಸಿದಾಕಿಗೆ ಇದೇನು ದೊಡ್ಡದು? ಗಿಟಾರೇ ಛಲೋ ಇತ್ತು ಬಿಡು" ಅಂದ್ಲು. ಮನಸ್ಸಿನ್ಯಾಗ ಕೆಟ್ಟದ್ದು ಇಟ್ಟು ಅಂದದ್ದಲ್ಲ ಅದು. ಆದ್ರ ನಮ್ಮ ಸೊಸಿ ಇಪ್ಪತ್ತು ದಿವಸ ಆ ಪೆಟಗಿ ಮಂಚದ ಕೆಳಗಿಂದ ತೆಗಿಲಿಲ್ಲ. ಮಾರಿಬಿಡ್ತೀನಿ ಅನ್ನೂ ತನಕ ಬಂದಿದ್ಲು.

ನಾ ಹೇಳೂದಿಷ್ಟೇ: ಹದಿನಾಲ್ಕು ವರ್ಷ ಬಾರಸಿದಾಕಿ ಆದದ್ದಕ್ಕೇ ಆಕಿಗೆ ಅದು ಕಠಿಣ ಆಗಿತ್ತು. ಇದು ಒಗಟ ಅನಸ್ತದ, ಬಿಡಿಸಿ ಹೇಳ್ತೀನಿ.

ಮೊದಲು ಎರಡೂ ವಾದ್ಯ ಪಕ್ಕಾಪಕ್ಕಾ ಇಟ್ಟು ನೋಡ್ರಿ. ಗಿಟಾರಿನ ಕೊರಳ ಮ್ಯಾಲ ಅಡ್ಡಡ್ಡ ಲೋಹದ ತಂತಿ ಬಡದಿರ್ತಾರ, ಫ್ರೆಟ್ ಅಂತಾರ ಅದಕ್ಕ. ಬೆರಳು ಎರಡು ಫ್ರೆಟ್ಟಿನ ನಡುವ ಎಲ್ಲೇ ಒತ್ತಲಿ, ಸ್ವರ ಅದರ ಜಾಗಾದಾಗೇ ಬರ್ತದ. ವಾಯಲಿನ್ನಿಗೆ ಅಂಥಾದ್ದು ಏನೂ ಇಲ್ಲ, ಬಯಲು. ಬೆರಳು ಒಂದು ಕೂದಲಷ್ಟು ಆಚಿ ಈಚಿ ಆದ್ರ ಸ್ವರನೂ ಆಚಿ ಈಚಿ. ಅದರ ಮ್ಯಾಲ ಅಳತಿನೂ ಬ್ಯಾರೆ. ಗಿಟಾರಿನ ತಂತಿ ಸುಮಾರು 65 ಸೆಂ.ಮೀ. ಉದ್ದ ಇರ್ತದ, ವಾಯಲಿನ್ನಿಂದು ಸುಮಾರು 33 ಸೆಂ.ಮೀ. ಬರೇ ಅರ್ಧ. ಗಿಟಾರಿನ್ಯಾಗ ಮೊದಲನೇ ಅರ್ಧ ಸ್ವರಕ್ಕ ಹತ್ತಿರ ಹತ್ತಿರ 3.6 ಸೆಂ.ಮೀ. ಜಾಗ ಇದ್ರ, ವಾಯಲಿನ್ನಿನ್ಯಾಗ 1.8 ಸೆಂ.ಮೀ. ಗಿಟಾರಿಗೆ ಅಗಲ ಚಾಚಿ ರೂಢಿ ಆದ ಕೈ ಇಲ್ಲಿ ಸಣ್ಣಗ ಆಗಬೇಕು.

ಇನ್ನ ಆ ಧ್ವನಿ ನಡುಗಸೂದು ಅದಲ್ಲಾ, ವೈಬ್ರೇಟೊ ಅಂತಾರ. ಸಿನಿಮಾ ಹಾಡಿನ್ಯಾಗ ವಾಯಲಿನ್ ಅತ್ತಂಗ ಕೇಳಸ್ತದ ನೋಡ್ರಿ, ಅದು. ಸೆಕೆಂಡಿಗೆ ಐದಾರು ಸಲ ಸ್ವರ ಸಣ್ಣಗ ತೂಗಾಡತದ, ಅದಕ್ಕೇ ಧ್ವನಿಗೆ ಎಣ್ಣಿ ಹಚ್ಚಿದಂಗ ಕೇಳಸ್ತದ. ಗಿಟಾರಿನ್ಯಾಗೂ ಇದು ಅದ. ನಮ್ಮ ಸೊಸಿಗೆ ಅದು ಅಚ್ಚುಕಟ್ಟು ಬರ್ತದ. ತ್ರಾಸ ಸುರು ಆಗೂದೇ ಅಲ್ಲಿ.

ಗಿಟಾರಿನ್ಯಾಗ ಬಹಳ ಮಂದಿ ಮಾಡೂ ವೈಬ್ರೇಟೊದಾಗ ತಂತಿ ಗಟ್ಟಿ ಒತ್ತಿ ಹಿಡದು ಅಡ್ಡ ಎಳಿತಾರ, ಬಿಡ್ತಾರ. ಎಳದಾಗ ತಂತಿ ಬಿಗಿ ಆಗ್ತದ, ಸ್ವರ ಮ್ಯಾಲ ಏರ್ತದ, ಬಿಟ್ರ ತನ್ನ ಜಾಗಾಕ್ಕ ಬರ್ತದ. ಕೆಳಗ ಇಳಿಲಾಕ ಫ್ರೆಟ್ ಬಿಡೂದಿಲ್ಲ. ವಾಯಲಿನ್ನಿನ್ಯಾಗ ಅಡ್ಡ ಎಳದ್ರ ಕೆಲಸ ಆಗೂದಿಲ್ಲ. ಬೆರಳಿನ ತುದಿ ತಂತಿ ಉದ್ದಕ್ಕೇ, ಹಿಂದಕ್ಕ ಮುಂದಕ್ಕ ಹೊರಳಬೇಕು. ಹಿಂದಕ್ಕ ಹೊರಳಿದಾಗ ಸ್ವರ ಜರಾ ಇಳಿತದ, ಮುಂದ ಬಂದಾಗ ತನ್ನ ಜಾಗಾಕ್ಕ ಕೂಡ್ತದ. ಸ್ವರದಿಂದ ಕೆಳಗ ಹೋಗಿ ಸ್ವರಕ್ಕ ತಿರುಗಿ ಬರ್ರಿ ಅಂತ ಬಹಳ ಮಂದಿ ಗುರುಗಳು ಕಲಿಸ್ತಾರ. ಹದಿನಾಲ್ಕು ವರ್ಷ ಮ್ಯಾಲ ಹೋಗಿ ಬಂದ ಕೈಗೆ ಈಗ ಕೆಳಗ ಹೋಗಿ ಬಾ ಅಂದಂಗಾತು. ದಿಕ್ಕು ಬ್ಯಾರೆ, ಲೆಕ್ಕಾನೂ ಬ್ಯಾರೆ.

ಇದಕ್ಕಿಂತಾ ದೊಡ್ಡ ವೈರಿ ಹೆಬ್ಬಟ್ಟು. ಗಿಟಾರಿನ್ಯಾಗ ಹೆಬ್ಬಟ್ಟು ಹಿಂದಿನಿಂದ ಒತ್ತಿ ಹಿಡಿತದ, ಬೆರಳು ಮುಂದಿನಿಂದ ಒತ್ತತಾವ, ಇಕ್ಕಳ ಹಿಡದಂಗ. ವಾಯಲಿನ್ನಿನ್ಯಾಗ ಹಿಂಗ ಒತ್ತಿದ್ರ ಕೈ ಗಪ್ ಕಟ್ಟಿಬಿಡ್ತದ, ಮುಂಗೈ ಅಲ್ಲಾಡೂದೇ ಇಲ್ಲ. ಕೈ ಅಲ್ಲಾಡದಿದ್ರ ಸ್ವರ ಹ್ಯಾಂಗ ತೂಗಬೇಕು? ಅದಕ್ಕೇ ಅಲ್ಲಿ ವಾದ್ಯದ ಭಾರ ಕೈಮ್ಯಾಲ ಬೀಳಬಾರದು. ವಿದೇಶದವರು ಗದ್ದ ಮತ್ತ ಹೆಗಲ ನಡುವ ಇಟ್ಕೋತಾರ. ನಮ್ಮ ದೇಶದವರು ನೆಲದ ಮ್ಯಾಲ ಕುಂತು, ವಾದ್ಯದ ತುದಿ ಬಲಗಾಲ ಹಿಮ್ಮಡದ ಹಂತ್ಯಾಕ ಊರಿ, ಇನ್ನೊಂದು ತುದಿ ಎದಿಗೆ ಹೆಗಲಿಗೆ ಹಚ್ಕೋತಾರ. ಎರಡೂ ಕಡಿ ಉದ್ದೇಶ ಒಂದೇ, ಎಡಗೈ ಖಾಲಿ ಇರಬೇಕು, ಹಾವಿನಂಗ ಹರದಾಡಬೇಕು.

ಈಗ ರೊಟ್ಟಿಗೆ ಬರೋಣು. ನಮ್ಮ ಸೊಸಿ ಲಗ್ನ ಆಗಿ ಬಂದಾಗ ಚಪಾತಿ ಮಾಡೂದ್ರಾಗ ಬಲ್ಲಿದಾಕಿ. ಲಟ್ಟಣಿಗಿ ಹಿಡದ್ರ ಚಂದ್ರನಂಗ ದುಂಡಗ ಲಟ್ಟಸ್ತಿದ್ಲು. ಜೋಳದ ರೊಟ್ಟಿಗೆ ಕುಂತ್ಲು, ಹರಿತು. ಮತ್ತ ಬಡದ್ಲು, ಮತ್ತ ಹರಿತು. ಯಾಕಂದ್ರ ಗೋಧಿ ಹಿಟ್ಟಿನ್ಯಾಗ ಜಿಗಿ ಅದ, ಒತ್ತಿದಷ್ಟೂ ಚಾಚತದ. ಜೋಳಕ್ಕ ಆ ಜಿಗಿ ಇಲ್ಲ. ಕುದಿಯೂ ಎಸರು ಹಾಕಿ ನಾದಿದ್ರ ಒಂದಕ್ಕೊಂದು ಹಿಡ್ಕೋತದ, ಆದ್ರ ಒತ್ತಿದ್ರ ಸೀಳತದ. ಅಂಗೈ ಹಗುರ ಬಿಟ್ಟು ಬಡಿಬೇಕು, ತಿರುಗಿಸಬೇಕು, ಬಡಿಬೇಕು. ಏನೂ ಬರದ ಹನ್ನೆರಡು ವರ್ಷದ ಹುಡುಗಿ ಆಕಿಗಿಂತಾ ಲಗೂ ಕಲಿತಾಳ, ಯಾಕಂದ್ರ ಆ ಹುಡುಗಿ ಕೈಗೆ ಒತ್ತೂ ರೂಢಿನೇ ಇರೂದಿಲ್ಲ. ನಮ್ಮ ಸೊಸಿಗೆ ಎರಡು ಕೆಲಸ. ಒತ್ತೂದು ಮರಿಬೇಕು, ಬಡಿಯೂದು ಕಲಿಬೇಕು. ಮರಿಯೂದೇ ಹೆಚ್ಚು ಹೊತ್ತು ಹಿಡಿತದ.

ವಾಯಲಿನ್ನೂ ಅಷ್ಟೇ. ಫ್ರೆಟ್ ಅನ್ನೂದು ಗೋಧಿ ಜಿಗಿ ಇದ್ದಂಗ, ಒತ್ತಿದ್ದನ್ನ ತಡಕೋತದ, ತಪ್ಪನ್ನ ಮುಚ್ಚಿ ಹಾಕ್ತದ. ಅದು ಇಲ್ಲದಾಗ ಕೈ ಎಷ್ಟು ಒತ್ತಲಾಕತ್ತದ ಅನ್ನೂದು ಬಯಲಿಗೆ ಬೀಳ್ತದ.

ಹಂಗಂತ ಹದಿನಾಲ್ಕು ವರ್ಷ ನೀರಿಗೆ ಹೋಗಿಲ್ಲ. ತಾಳ ಬಂದದ. ಕಿವಿ ಬಂದದ. ಬೆರಳು ಒಂದೊಂದು ಬ್ಯಾರೆ ಬ್ಯಾರೆ ಏಳ್ತಾವ. ದಿನಾ ಕುಂತು ಅಭ್ಯಾಸ ಮಾಡೂ ಶಿಸ್ತು ಬಂದದ, ಅದು ಎಲ್ಲಕ್ಕಿಂತಾ ದೊಡ್ಡದು. ಖರೇ ಇದ್ದ ಅರ್ಧ ಅಂದದ್ದು ಇದಕ್ಕ. ಆದ್ರ ಆ ಕಿವಿನೇ ಆಕಿಗೆ ಹೆಚ್ಚು ನೋವು ಕೊಡ್ತದ. ಹೊಸಾದಾಗಿ ಕಲಿಯಾಕಿಗೆ ತನ್ನ ಧ್ವನಿ ಎಷ್ಟು ಕೆಟ್ಟದದ ಅಂತ ಪೂರಾ ತಿಳಿಯೂದಿಲ್ಲ. ಕಿವಿ ಪಳಗಿದಾಕಿಗೆ ಪ್ರತಿಯೊಂದು ಸ್ವರನೂ ಮುಳ್ಳಿನಂಗ ಚುಚ್ಚತದ. ಅಂಥಾದ್ರಾಗ ನಾವು ನಕ್ಕಿವಂದ್ರ?

ಇನ್ನೊಂದು ಮಾತು. ಎಲ್ಲಾ ನಡುಕ ಒಂದೇ ಅಲ್ಲ. ನಮ್ಮ ಸಂಗೀತದಾಗ ಮೀಂಡ ಅದ, ಗಮಕ ಅದ, ಆಂದೋಲನ ಅದ. ದರಬಾರಿ ಕಾನಡಾ ರಾಗದಾಗ ಕೋಮಲ ಗಂಧಾರ ನಿಧಾನ ತೂಗ್ತದ, ತೂಗದಿದ್ರ ಅದು ದರಬಾರಿನೇ ಅನಸೂದಿಲ್ಲ. ಕರ್ನಾಟಕ ಸಂಗೀತದ ಕಂಪಿತ ಗಮಕನೂ ಹಂಗೇ, ಆ ರಾಗದಾಗ ಆ ಸ್ವರದ ರೂಪನೇ ಅದು. ವಿದೇಶದ ವೈಬ್ರೇಟೊ ಹಂಗಲ್ಲ. ಅಲ್ಲಿ ಸ್ವರ ಮೊದಲೇ ಪೂರಾ ಇರ್ತದ, ವೈಬ್ರೇಟೊ ಮ್ಯಾಲಿಂದ ಹಚ್ಚೂ ಬಣ್ಣ. ಅಲ್ಲಿನವರೂ ಮೊದಲಿನಿಂದ ಎಲ್ಲಾ ಸ್ವರಕ್ಕೂ ಅದನ್ನ ಹಚ್ಚಿದವರಲ್ಲ. ದೊಡ್ಡ ಸಂಗೀತಗಾರ ಮೊಟ್ಸಾರ್ಟನ ತಂದಿ ಲಿಯೊಪೋಲ್ಡ್ 1756ರಾಗ ವಾಯಲಿನ್ ಕಲಿಸೂ ಪುಸ್ತಕ ಬರ್ದ. ಅದ್ರಾಗ ಪ್ರತಿಯೊಂದು ಸ್ವರಾನೂ ನಡುಗಸವರನ್ನ ಬಿಡದ ಜ್ವರ ಹತ್ತಿದವರಿಗೆ ಹೋಲಿಸಿ ಬೈದಾನ. ಇದನ್ನ ನಮ್ಮ ಸೊಸಿ ಹೇಳಿದಾಗ ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ಕಿವಿ.

ಹಿಂಗಾಗಿ ನನ್ನ ಎರಡನೇ ಅಭಿಪ್ರಾಯ: ನಡುಗಸೂದು ಮೊದಲು ಬ್ಯಾಡ, ನಿಂದ್ರೂದು ಮೊದಲು. ಸಾದಾ ಸ್ವರ ಕಂಬದಂಗ ನಿಲ್ಲೂ ತನಕ ವೈಬ್ರೇಟೊಕ್ಕ ಕೈ ಹಾಕಬಾರದು. ನಿಲ್ಲದ ಸ್ವರ ನಡುಗಿಸಿದ್ರ ತಪ್ಪು ಮುಚ್ಚತದ, ತಿದ್ದೂದಿಲ್ಲ. ಬ್ಯಾಳಿ ಕುದಿದಿದ್ದಾಗ ಮ್ಯಾಲ ಒಗ್ಗರಣಿ ಹಾಕಿದ್ರ ವಾಸನಿ ಛಲೋ ಬರ್ತದ, ಬಾಯಾಗ ಇಟ್ರ ಕಾಳು ಕಟಕ್ ಅಂತದ. ತೊಟ್ಲಾ ದಿವಸ ಆಕಿ ಸಪ್ಪಗ ಬಾರಸಿದ್ದು ಸೋಲು ಅಲ್ಲ, ಅಡಗಿ ಇನ್ನಾ ಒಲಿ ಮ್ಯಾಲ ಇತ್ತು ಅಷ್ಟೇ. ಒಲಿ ಮ್ಯಾಲಿನ ಗಡಿಗಿ ಮುಚ್ಚಳ ತೆಗದು ಉಪ್ಪು ಕಡಿಮಿ ಅಂದ್ರ ಯಾರಿಗೆ ಸಿಟ್ಟು ಬರೂದಿಲ್ಲ?

ಆಕಿ ಗುರುಗಳು ಕಲಿಸೂ ರೀತಿ ನೋಡಿ ನನಗ ಖುಷಿ ಆತು. ಮೊದಲು ಕಮಾನೇ ಇಲ್ಲ. ಒಂದು ಸಣ್ಣ ಡಬ್ಬ್ಯಾಗ ನಾಕು ಕಾಳು ಜೋಳ ಹಾಕಿ, ಎಡಗೈಯಾಗ ಹಿಡದು, ತಾಳಕ್ಕ ಸರಿಯಾಗಿ ಅಲ್ಲಾಡಸೂದು. ಮುಂಗೈ ಸಡಲ ಆಗ್ಲಿ ಅಂತ. ಆಮ್ಯಾಲ ವಾದ್ಯ ಹಿಡದು ಬೆರಳಿನಿಂದ ತಂತಿ ಉದ್ದಕ್ಕ ಒರಸೂದು, ಹಿತ್ತಾಳಿ ಸಮಿ ತಿಕ್ಕಿದಂಗ, ಒತ್ತಲಾರದ. ಆಮ್ಯಾಲ ಆ ಒರಸೂದು ಸಣ್ಣ ಮಾಡ್ಕೋತ ಬಂದು, ಬೆರಳು ಜಾಗಾ ಬಿಡದ ಬರೇ ಹೊರಳೂದು. ಒಂದು ಮಾತ್ರಾಕ್ಕ ಒಂದು ಸಲ, ಆಮ್ಯಾಲ ಎರಡು, ಮೂರು, ನಾಕು. ಕಮಾನು ಕಡೀಕ. ಯಾಕಂದ್ರ ಎಡಗೈ ಅಲ್ಲಾಡಿದ್ರ ಬಲಗೈನೂ ಅದರ ಕೂಡ ನಡಗತದ, ಕಮಾನು ತೊದಲತದ. ಒಂದು ಕೈ ತೊಟ್ಲಾ ತೂಗಬೇಕು, ಇನ್ನೊಂದು ಕೈ ಹಾಲು ಚೆಲ್ಲದಂಗ ಬಟ್ಲಾ ಹಿಡಿಬೇಕು. ಮಕ್ಕಳನ್ನ ಸಾಕಿದ ನಮಗ ಇದು ಹೇಳಿಕೊಡಬೇಕೇನು?

ಹಾರ್ಮೋನಿಯಂ ಬಾರಸೂ ಭಜನಿ ಮಂದಿ ನಮ್ಮಲ್ಲಿ ಓಣಿಗೊಬ್ಬರು ಸಿಗ್ತಾರ. ಅವರೂ ವಾಯಲಿನ್ ಹಿಡದ್ರ ಇದೇ ಗತಿ. ಹಾರ್ಮೋನಿಯಂ ಮನಿಗಳು ಕಟ್ಟಿಟ್ಟವು, ಒಂದು ಸ್ವರದಿಂದ ಇನ್ನೊಂದಕ್ಕ ಜಾರಲಾಕ ಬರೂದಿಲ್ಲ. ಇದೇ ಕಾರಣ ಹೇಳಿ ಆಕಾಶವಾಣಿಯವರು 1940ರಿಂದ 1971ರ ತನಕ ಹಾರ್ಮೋನಿಯಂ ಬ್ಯಾಡ ಅಂದಿದ್ರು. ಗಿಟಾರಿನ ಫ್ರೆಟ್ಟಿನ ತೊಂದರೀನೂ ಅದೇ ಜಾತಿದು. ಬ್ರಿಜಭೂಷಣ ಕಾಬ್ರಾ ಅವರು, ಆಮ್ಯಾಲ ವಿಶ್ವಮೋಹನ ಭಟ್ಟ ಅವರು ಇದಕ್ಕೊಂದು ದಾರಿ ಹುಡುಕಿದ್ರು. ಗಿಟಾರನ್ನ ತೊಡಿ ಮ್ಯಾಲ ಅಡ್ಡ ಮಲಗಿಸಿ, ಬೆರಳಿನ ಬದಲಿ ಉಕ್ಕಿನ ಸಳಿ ತಂತಿ ಮ್ಯಾಲ ಜಾರಿಸಿ, ಫ್ರೆಟ್ಟಿನ ಹಂಗಿಲ್ಲದ ರಾಗ ಬಾರಸಿದ್ರು. ಭಟ್ಟರಿಗೆ 1994ರಾಗ ಗ್ರ್ಯಾಮಿ ಪ್ರಶಸ್ತಿ ಬಂತು. ಒಬ್ಬರು ವಾದ್ಯ ಬದಲಿ ಮಾಡಿ ದಾರಿ ಕಂಡ್ರು, ನಮ್ಮ ಸೊಸಿ ಕೈ ಬದಲಿ ಮಾಡ್ಲಾಕತ್ಯಾಳ. ಎರಡೂ ದಾರಿ ದೂರದವೇ.

ನಮ್ಮ ಕಡಿ ದೊಡ್ಡವರನ್ನೇ ನೋಡ್ರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಕಣ್ಣು ಕಾಣದವರು. ಹಾರ್ಮೋನಿಯಂ, ತಬಲಾ, ಸಾರಂಗಿ, ವಾಯಲಿನ್ ಹಿಂಗ ಎಷ್ಟೋ ವಾದ್ಯ ಕಲಿತ್ರು. ಕಣ್ಣಿದ್ದವರು ಬೆರಳು ಎಲ್ಲದ ಅಂತ ಬಗ್ಗಿ ಬಗ್ಗಿ ನೋಡ್ತಾರ. ಅವರಿಗೆ ಕಿವಿನೇ ಫ್ರೆಟ್ಟು. ಒಂದು ವಾದ್ಯ ಬಂತು ಸಾಕು ಅಂತ ಅವರು ಕುಂತಿದ್ರ ಅಷ್ಟು ಮಂದಿ ಶಿಷ್ಯಾರಿಗೆ ಅಷ್ಟು ಬಗಿ ವಿದ್ಯಾ ಎಲ್ಲಿ ಸಿಗ್ತಿತ್ತು? ಮೈಸೂರು ಕಡಿ ಟಿ. ಚೌಡಯ್ಯನವರು (1895–1967) ಕಛೇರಿ ಮಾಡ್ಕೋತ ಇರೂವಾಗ್ಲೇ ನಾಕು ತಂತಿ ವಾಯಲಿನ್ನಿಗೆ ಮತ್ತ ಮೂರು ಕೂಡಿಸಿ ಏಳು ತಂತಿ ಮಾಡಿದ್ರು. ಮೈಕ್ ಇಲ್ಲದ ಕಾಲ, ಹಿಂದ ಕುಂತವರಿಗೂ ಕೇಳಸಲಿ ಅಂತ. ಬೆಂಗಳೂರಿನ್ಯಾಗ ಅವರ ಹೆಸರಿಲೆ ವಾಯಲಿನ್ ಆಕಾರದ್ದೇ ಒಂದು ಸಭಾಭವನ ಅದ. ಬಂದದ್ದು ಸಾಕು ಅನ್ನದವರೇ ದೊಡ್ಡವರಾದ್ರು.

"ಅವರೆಲ್ಲಾ ದೊಡ್ಡವರು ಬಿಡವ್ವಾ, ನಮ್ಮ ಮನಿ ಹೆಣ್ಮಕ್ಕಳಿಗೆ ಯಾಕ ಬೇಕು? ಕೂಸು ಸಣ್ಣದದ, ಇದ್ದ ವಿದ್ಯಾದಾಗ ನಾಕು ಕಾಸು ಬರ್ತಾವ, ಸಾಕಲ್ಲಾ" ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಕೇಳೂದು ತಪ್ಪಲ್ಲ. ಅದಕ್ಕ ನನ್ನ ಉತ್ತರ ಇಲ್ಲದ.

ಗಿಟಾರ್ ಕ್ಲಾಸು ಆಕಿ ಬಿಟ್ಟಿಲ್ಲ. ವಾಯಲಿನ್ನಿಗೆ ದಿನಾ ಅರ್ಧ ತಾಸು ಕೊಡ್ತಾಳ, ಕೂಸು ಮಲಗಿದಾಗ. ನಾವು ಟಿವಿ ಮುಂದ ಅದಕ್ಕಿಂತಾ ಹೆಚ್ಚು ಕುಂದರ್ತೀವಿ. ಎರಡನೇದು, ವಾಯಲಿನ್ ಸುರು ಮಾಡಿದ ಮ್ಯಾಲ ಆಕಿ ಹುಡುಗರಿಗೆ ಕಲಿಸೂ ರೀತಿನೇ ಬದಲಿ ಆಗ್ಯದ. ಮೊದಲು, "ಇಷ್ಟು ಸರಳ ಇದ್ದದ್ದು ಯಾಕ ಬರವಲ್ತು?" ಅಂತಿದ್ಲು. ಈಗ, "ಬೆರಳು ನೋವು ಆಗ್ತದಲ್ಲಾ? ಆಗ್ತದ ಪುಟ್ಟಾ, ಜರಾ ಸಡಲ ಬಿಡು" ಅಂತಾಳ. ತಾ ಮತ್ತ ಹೊಸಬಳಾದಾಗ ಹೊಸಬರ ನೋವು ಗೊತ್ತಾತು. ಎಂಟು ವರ್ಷದ ಒಂದು ಹುಡುಗಿ ಕ್ಲಾಸು ಬಿಡ್ತೀನಿ ಅಂದಾಕಿ ಉಳಕೊಂಡ್ಲು. ಇದೇನು ಸಣ್ಣ ಲಾಭ?

ಮೂರನೇದು ನಮ್ಮೆಲ್ಲಾರದೂ ಸೇರಿ ಅದ. ನಾವು ಹೆಣ್ಮಕ್ಕಳು ತವರಮನ್ಯಾಗ ಒಂದು ಕೈ ಕಲತು ಬಂದು, ಗಂಡನ ಮನ್ಯಾಗ ಇನ್ನೊಂದು ಕೈ ಕಲತಿವಿ. ಅಲ್ಲಿ ಶಾಣ್ಯಾಕಿ ಅನಿಸಿಕೊಂಡಾಕಿ ಇಲ್ಲಿ ಬಂದು ಒಲಿ ಮುಂದ ಏನೂ ಬರದಾಕಿ ಆಗಿ ನಿಂತದ್ದು ಯಾರಿಗೆ ಮರತದ? ಆವಾಗ ಒಬ್ಬರಾದ್ರೂ, "ಅವಸರ ಮಾಡಬ್ಯಾಡವ್ವಾ, ಬರ್ತದ" ಅಂದಿದ್ರ ಎಷ್ಟು ಹಗುರ ಆಗ್ತಿತ್ತು. ಆ ಮಾತು ಸಿಕ್ಕವರು ಅದನ್ನ ಮುಂದ ದಾಟಿಸಬೇಕು, ಸಿಗದವರು ಇನ್ನಾ ಹೆಚ್ಚು ದಾಟಿಸಬೇಕು.

ಅದಕ್ಕೇ ನಿಮ್ಮ ಹಂತ್ಯಾಕ ನಾಕು ಮಾತು ಕೇಳ್ಕೋತೀನಿ. ಮನ್ಯಾಗ ಯಾರಾದ್ರೂ ದೊಡ್ಡವರಾದ ಮ್ಯಾಲ ಹೊಸಾದು ಕಲಿಲಾಕತ್ತಿದ್ರ, ಅದು ವಾಯಲಿನ್ ಇರಲಿ, ಹೊಲಿಗಿ ಮಿಷನ್ ಇರಲಿ, ಸ್ಕೂಟಿ ಇರಲಿ, ಬೀಗರು ಬಂದಾಗ ಮಾಡಿ ತೋರಸು ಅಂತ ಗಂಟುಬೀಳಬ್ಯಾಡ್ರಿ. ತಾನೇ ತೋರಸ್ತೀನಿ ಅನ್ನೂ ತನಕ ಕಾಯ್ರಿ. ಹಳೇದೇ ಛಲೋ ಇತ್ತು ಅನ್ನಬ್ಯಾಡ್ರಿ, ಛಲೋ ಇತ್ತು ಅನ್ನೂದು ಆಕಿಗೇ ಗೊತ್ತದ. ಆಕಿ ಅಭ್ಯಾಸಕ್ಕ ಕುಂತ ಅರ್ಧ ತಾಸು, ಕುಕ್ಕರ್ ಸೀಟಿ ಆದ್ರ ನೀವೇ ಎದ್ದು ಗ್ಯಾಸ್ ಬಂದ್ ಮಾಡ್ರಿ. ಬೆಕ್ಕು ಒದರಿದಂಗ ಕೇಳಿಸಿದ್ರ ಕೇಳಿಸಲಿ, ಕೂಸು ಮಾತು ಕಲಿಯೂವಾಗ ನಾವೇನು ಬಾಯಿ ಮುಚ್ಚಿಸ್ತೀವೇನು?

ಕಲಿಯೂ ಹೆಣ್ಮಕ್ಕಳಿಗೂ ಒಂದು ಮಾತು. ಎರಡು ವಿದ್ಯಾ ಹೋಲಿಸಬ್ಯಾಡ್ರಿ. ಹದಿನಾಲ್ಕು ವರ್ಷದ ಗಿಟಾರಿನ ಮುಂದ ಒಂದೂವರಿ ವರ್ಷದ ವಾಯಲಿನ್ ಇಟ್ರ ಅದು ಸೋತೇ ಸೋಲ್ತದ. ಇವತ್ತಿನ ವಾಯಲಿನ್ನನ್ನ ಹೋದ ತಿಂಗಳ ವಾಯಲಿನ್ ಕೂಡ ಇಟ್ಟು ನೋಡ್ರಿ. ಹೆಬ್ಬಟ್ಟು ಸಡಲ ಆಗ್ಯದೇನು? ಸಾದಾ ಸ್ವರ ನಿಂತದೇನು? ಅಷ್ಟಾದ್ರ ಮುಂದ ನಡದೀರಿ ಅಂತಾನೇ ಅರ್ಥ.

ನಮ್ಮ ಸೊಸಿ ಪೆಟಗಿ ಮಂಚದ ಕೆಳಗಿಂದ ಹೊರಗ ಬಂದದ. ಮಾರೂ ಮಾತು ಬಿಟ್ಟಾಳ. ಸ್ವರ ಇನ್ನಾ ಪೂರಾ ತೂಗೂದಿಲ್ಲ, ಉಂಗುರ ಬೆರಳಿಗೆ ಜರಾ ಬರ್ತದ, ಕಿರಿಬೆರಳು ಇನ್ನಾ ಕಟ್ಟಿಗಿನೇ. ಬರ್ಲಿ, ನಮಗೇನು ಅವಸರ ಅದ. ನಿಮ್ಮ ಮನ್ಯಾಗ ಹಿಂಗ ಯಾರಾದ್ರೂ ಕಲಿಲಾಕತ್ತಿದ್ರ ಅವರಿಗೆ ನನ್ನ ಕಡಿಂದ ಒಂದು ಶಾಬಾಸ್ ಹೇಳ್ರಿ. ಮುಂದಿನ ಸಲ ಶೇಂಗಾ ಹಿಂಡಿ ಬಗ್ಗೆ ಬರಿತೀನಿ, ಕೇಳಿದವರು ಬಹಳ ಮಂದಿ ಅವರ.